ಕಾಡುದ್ರಾಕ್ಷಿ, ಮಂಗರವಳ್ಳಿ ಮತ್ತು ಬಳಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಕಾಡುದ್ರಾಕ್ಷಿಯ ಪ್ರಶ್ನೆಗಳೇ ಹೆಚ್ಚು, ಅದರ ಬೆನ್ನಿಗೆ ಮಂಗರವಳ್ಳಿಯವು. ಮಂಗರವಳ್ಳಿ ದ್ರಾಕ್ಷಿಯ ದಾಯಾದಿ ಎಂಬುದು ಹಲವರಿಗೆ ಗೊತ್ತಿರಲಿಕ್ಕಿಲ್ಲ. ಮರ ಹತ್ತುವ ರೀತಿಯಿಂದ ಹಿಡಿದು ಗಂಟಲು ತುರಿಸುವವರೆಗೆ ಎರಡಕ್ಕೂ ಒಂದೇ ಮನೆತನದ ಗುಣ. ಹಾಗಾಗಿ ಎಲ್ಲ ಪ್ರಶ್ನೆಗಳನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಬೇಣದ ಅಂಚಿನಲ್ಲಿ ಮಳೆಗಾಲದ ಕೊನೆಗೆ ದ್ರಾಕ್ಷಿಯಂಥ ಕಪ್ಪು ಗೊಂಚಲುಗಳು ಕಾಣುತ್ತವೆ. ಮಕ್ಕಳು ಕಿತ್ತು ತಿನ್ನುತ್ತಾರೆ. ಇದು ಕಾಡುದ್ರಾಕ್ಷಿಯೇ ಹೌದೆಂದು ಖಚಿತ ಮಾಡಿಕೊಳ್ಳುವುದು ಹೇಗೆ? (ಯಲ್ಲಾಪುರ)

ಬಾಯಿಗೆ ಹಾಕಿ ನೋಡುವ ಅಭ್ಯಾಸವನ್ನು ಮೊದಲು ಬಿಡಿಸಿ. ಪಶ್ಚಿಮ ಘಟ್ಟದ ಕಾಡಿನಲ್ಲಿ ಕಾಕಮಾರಿ ಬಳ್ಳಿ ಇದೆ. ಅದರ ಗೊಂಚಲು ದೂರದಿಂದ ಥೇಟ್ ದ್ರಾಕ್ಷಿ. ಬೀಜದಲ್ಲಿ ಪಿಕ್ರೊಟಾಕ್ಸಿನ್ ಎಂಬ ಕಟುವಿಷವಿದೆ. ಹಿಂದೆ ಹೊಳೆಯ ಮೀನಿಗೆ ಅಮಲೇರಿಸಿ ಹಿಡಿಯಲು ಅರೆದು ಹಾಕುತ್ತಿದ್ದುದು ಇದನ್ನೇ. ಮನುಷ್ಯರ ಹೊಟ್ಟೆಗೆ ಹೋದರೆ ವಾಂತಿಯಿಂದ ಶುರುವಾಗಿ ಫಿಟ್ಸ್‌ವರೆಗೂ ಹೋಗಬಹುದು. ಹಾಗೇನಾದರೂ ಆದರೆ ಮನೆಮದ್ದಿಗೆ ಕೂರಬೇಡಿ, ವಾಂತಿ ಮಾಡಿಸಲೂ ಹೋಗಬೇಡಿ. ಹಣ್ಣಿನ ಗೊಂಚಲು, ಒಂದೆರಡು ಎಲೆ ಕೈಯಲ್ಲಿ ಹಿಡಿದು ನೇರ ಆಸ್ಪತ್ರೆಗೆ ಹೋಗಿ.

ಗುರುತು ಹಿಡಿಯಲು ಮೂರು ಜಾಗ ನೋಡಬೇಕು. ಮೊದಲನೆಯದು ಗೆಣ್ಣು. ದ್ರಾಕ್ಷಿ ಕುಟುಂಬದ ಬಳ್ಳಿಯಲ್ಲಿ ಗೆಣ್ಣಿನ ಒಂದು ಬದಿಗೆ ಎಲೆ ಇದ್ದರೆ ಸರಿಯಾಗಿ ಅದರ ಎದುರು ಬದಿಯಲ್ಲಿ ಆಧಾರ ಹಿಡಿಯುವ ಸುರುಳಿಕುಡಿ ಇರುತ್ತದೆ. ಶಾಲೆಯ ಪುಸ್ತಕದಲ್ಲಿ ಲತಾತಂತು ಎನ್ನುವುದು ಇದನ್ನೇ. ತೊಂಡೆ, ಹಾಗಲಕ್ಕೂ ಸುರುಳಿಕುಡಿ ಉಂಟಲ್ಲ ಎನ್ನಬಹುದು. ಅಲ್ಲಿ ಅದು ಎಲೆತೊಟ್ಟಿನ ಪಕ್ಕದಿಂದ ಹೊರಡುತ್ತದೆ, ಎದುರಿನಿಂದ ಅಲ್ಲ. ಕಾಕಮಾರಿಗೆ ಸುರುಳಿಕುಡಿಯೇ ಇಲ್ಲ. ಬಳ್ಳಿಯೇ ಮರವನ್ನು ಸುತ್ತಿಕೊಂಡು ಏರುತ್ತದೆ.

ಎರಡನೆಯದು ಗೊಂಚಲು ಹುಟ್ಟುವ ಜಾಗ. ಕಾಡುದ್ರಾಕ್ಷಿಯ ಗೊಂಚಲು ಹಸಿರು ಚಿಗುರಿನಲ್ಲಿ ಎಲೆಯ ಎದುರಿಗೇ ಬರುತ್ತದೆ. ಅದರ ತೊಟ್ಟಿನಿಂದಲೇ ಒಂದು ಸುರುಳಿಕುಡಿ ಹೊರಟಿರುವುದು ವಿಶೇಷ. ಕಾಕಮಾರಿಯ ಗೊಂಚಲು ದಪ್ಪ ತೊಗಟೆಯ ಹಳೆಯ ಕಾಂಡದಿಂದ ಉದ್ದಕ್ಕೆ ಜೋತು ಬೀಳುತ್ತದೆ.

ಮೂರನೆಯದು ಬೀಜ. ಹಣ್ಣನ್ನು ಉಗುರಿನಲ್ಲಿ ಸೀಳಿ ನೋಡಿ. ದ್ರಾಕ್ಷಿ ಬಳಗದ ಬೀಜ ಒಂದು ತುದಿಯಲ್ಲಿ ಚೂಪು, ಹೊಟ್ಟೆಯ ಕಡೆ ಎರಡು ಗೀರು. ಕಾಡುದ್ರಾಕ್ಷಿಯಲ್ಲಿ ಸಾಮಾನ್ಯವಾಗಿ ಎರಡು ಬೀಜ. ಕಾಕಮಾರಿಯಲ್ಲಿ ಗಟ್ಟಿ ಓಟೆಯ ಒಂದೇ ಬೀಜ, ಕುದುರೆ ಲಾಳದಂತೆ ಬಾಗಿದ್ದು. ಮೂರರಲ್ಲಿ ಒಂದು ತಪ್ಪಿದರೂ ಆ ಹಣ್ಣು ಬೇಡ.

ನಿಮ್ಮ ಕಡೆ ಕಾಣುವ ಕಾಡುದ್ರಾಕ್ಷಿ ಬಹುಮಟ್ಟಿಗೆ ಆಂಪೆಲೊಸಿಸಸ್ ಲ್ಯಾಟಿಫೋಲಿಯ ಇರಬೇಕು: ಅಂಗೈ ಮೀರುವಷ್ಟು ಅಗಲದ, ಬುಡದಲ್ಲಿ ಹೃದಯದಾಕಾರದ, ಅಂಚು ಗರಗಸದಂಥ ಎಲೆ, ಒಳಗೆ ಪೊಳ್ಳಾದ ಕಾಂಡ, ಕಂದುಗೆಂಪು ಹೂ, ಬಟಾಣಿ ಗಾತ್ರದ ಹಣ್ಣು. ಒಂದೇ ತೊಟ್ಟಿಗೆ ಮೂರು ಎಲೆಗಳಿರುವ ಬಳ್ಳಿಯಾದರೆ ಅದು ಇದೇ ಕುಟುಂಬದ ಬೇರೆ ಗಿಡ, ಬೇಲಿ ಮತ್ತು ತೆಂಗಿನ ತೋಟಗಳಲ್ಲಿ ಕಳೆಯಾಗಿ ಹಬ್ಬುವಂಥದ್ದು. ಅದರ ಕಪ್ಪು ಹಣ್ಣು ಬಾಯಿಯನ್ನು ಸುಟ್ಟಂತೆ ತುರಿಸುತ್ತದೆ.

ಪ್ರಶ್ನೆ: ಕಾಡುದ್ರಾಕ್ಷಿಯನ್ನು ಮನೆಯ ಬೇಲಿಗೆ ಹಬ್ಬಿಸಬಹುದೇ? ಹಣ್ಣು ತಿಂದ ಮೇಲೆ ನಾಲಿಗೆ ಚುರುಗುಟ್ಟುವುದೇಕೆ? (ಹಳಿಯಾಳ)

ಹಬ್ಬಿಸಬಹುದು. ಈ ಬಳ್ಳಿಯ ಜೀವ ಇರುವುದು ನೆಲದೊಳಗಿನ ಗಡ್ಡೆಯಲ್ಲಿ. ಮೊದಲ ಮಳೆಗೆ ಚಿಗುರಿ, ಜೂನ್ ಜುಲೈನಲ್ಲಿ ಹೂ ಬಿಟ್ಟು, ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಹಣ್ಣಾಗಿ, ಚಳಿ ಕಳೆಯುವಷ್ಟರಲ್ಲಿ ಮೇಲಿನ ಭಾಗ ಪೂರ್ತಿ ಒಣಗುತ್ತದೆ. ಬಳ್ಳಿ ಸತ್ತಿತೆಂದು ಗಡ್ಡೆ ಸಮೇತ ಕಿತ್ತು ಹಾಕುವುದು ಎಲ್ಲರೂ ಮಾಡುವ ತಪ್ಪು. ಅಲ್ಲೊಂದು ಗೂಟ ನೆಟ್ಟು ಗುರುತಿಡಿ, ಬೇಸಿಗೆಯಲ್ಲಿ ನೀರು ಕೊಡಬೇಡಿ. ಕೊಟ್ಟರೆ ಗಡ್ಡೆ ಕೊಳೆಯುತ್ತದೆ.

ನಿಮ್ಮ ಸ್ವಂತ ಜಮೀನಿನಲ್ಲಿ ಬಳ್ಳಿ ಇದ್ದರೆ ಮೇ ತಿಂಗಳಲ್ಲಿ, ಚಿಗುರು ಬರುವ ಮೊದಲು, ಗಡ್ಡೆಯನ್ನು ಸುತ್ತಲಿನ ಮಣ್ಣಿನ ಹೆಂಟೆಯೊಡನೆ ಎತ್ತಿ ಒಂದು ಗೇಣು ಆಳಕ್ಕೆ ನೆಡಿ. ಮೀಸಲು ಅರಣ್ಯದಲ್ಲಿ ಅಗೆಯುವುದು ಅಪರಾಧ. ಅಲ್ಲಿಯ ಗಡ್ಡೆ ತರಬೇಡಿ. ಬೀಜದಿಂದಲೂ ಆಗುತ್ತದೆ. ಕಪ್ಪಾದ ಹಣ್ಣನ್ನು ಹಿಚುಕಿ, ಬೀಜವನ್ನು ಬೂದಿಯಲ್ಲಿ ಉಜ್ಜಿ ತೊಳೆದು, ಒಣಗಿಸಿ ಇಡದೆ ತಕ್ಷಣವೇ ಒಂದು ಅಂಗುಲ ಆಳಕ್ಕೆ ಬಿತ್ತಿ. ಆ ವರ್ಷ ಮೊಳೆಯದಿದ್ದರೆ ಕುಂಡವನ್ನು ಚೆಲ್ಲದೆ ಮುಂದಿನ ಮಳೆಯವರೆಗೆ ನೆರಳಲ್ಲಿಡಿ. ಆಧಾರಕ್ಕೆ ಆಳೆತ್ತರದ ಬೇಲಿ ಸಾಕು. ಅರೆನೆರಳಿನಲ್ಲೂ ಬದುಕುತ್ತದೆ, ಆದರೆ ಗೊಂಚಲು ತುಂಬಲು ಬಿಸಿಲು ಬೇಕು.

ಚುರುಗುಟ್ಟುವುದಕ್ಕೆ ಕಾರಣ ಕ್ಯಾಲ್ಸಿಯಂ ಆಕ್ಸಲೇಟ್. ದ್ರಾಕ್ಷಿ ಕುಟುಂಬದ ಬಹುತೇಕ ಗಿಡಗಳು ಈ ಲವಣವನ್ನು ಸೂಜಿಯಂಥ ಹರಳುಗಳ ಕಟ್ಟಾಗಿ ಅಂಗಾಂಶದೊಳಗೆ ಕೂಡಿಡುತ್ತವೆ. ಕೆಸುವಿನಲ್ಲಿ ಇರುವುದೂ ಇದೇ. ಕಾಯಿಯಲ್ಲಿ ತುರಿಕೆ ಹೆಚ್ಚು, ಹಣ್ಣಾದಂತೆ ತಿರುಳಿನಲ್ಲಿ ಕಡಿಮೆ. ಹಾಗಾಗಿ ಮುಟ್ಟಿದರೆ ಉದುರುವಷ್ಟು ಕಳಿತ ಕಪ್ಪು ಹಣ್ಣನ್ನೇ ಆರಿಸಿ. ತಿರುಳನ್ನಷ್ಟೇ ಹೀರಿ ಸಿಪ್ಪೆ, ಬೀಜ ಉಗಿಯಿರಿ. ಮೊದಲ ಸಲ ನಾಲ್ಕೈದಕ್ಕೆ ನಿಲ್ಲಿಸಿ.

ಹಸಿಯಾಗಿ ತಿನ್ನುವುದಕ್ಕಿಂತ ಶರಬತ್ತಿಗೆ ಇದು ಹೆಚ್ಚು ಒಗ್ಗುತ್ತದೆ. ತೊಟ್ಟು ಬಿಡಿಸಿದ ಹಣ್ಣು 1 ಕಿಲೋ, ನೀರು ಒಂದು ಲೋಟ. ಸಣ್ಣ ಉರಿಯಲ್ಲಿ 10 ನಿಮಿಷ ಬೇಯಿಸಿ, ಸೌಟಿನ ಬೆನ್ನಿನಿಂದ ಮೆತ್ತಗೆ ಒತ್ತಿ, ಬಟ್ಟೆಯಲ್ಲಿ ಸೋಸಿ. ಮಿಕ್ಸಿಗೆ ಹಾಕಬಾರದು, ಬೀಜ ಒಡೆದರೆ ರಸ ಒಗರಾಗಿ ಕೆಡುತ್ತದೆ, ಸಿಪ್ಪೆಯ ಸೂಜಿಗಳೂ ರಸಕ್ಕೆ ಬರುತ್ತವೆ. ಸೋಸಿದ ರಸಕ್ಕೆ 400 ಗ್ರಾಂ ಬೆಲ್ಲ ಹಾಕಿ ಇನ್ನೊಂದು ಕುದಿ ಕೊಟ್ಟು ಇಳಿಸಿ. ತಂಪು ಜಾಗದಲ್ಲಿಟ್ಟು ನಾಲ್ಕೈದು ದಿನದೊಳಗೆ ಮುಗಿಸಿ.

ಪ್ರಶ್ನೆ: ಕುಂಡದಲ್ಲಿ ನೆಟ್ಟ ಮಂಗರವಳ್ಳಿ ಬುಡದಲ್ಲಿ ಕೊಳೆತು ಮುರಿದುಬೀಳುತ್ತದೆ. ಎರಡು ಸಲ ಹೀಗಾಯಿತು. ದಿನವೂ ನೀರು ಹಾಕುತ್ತೇನೆ. (ಬೆಂಗಳೂರು)

ಆ ದಿನದಿನದ ನೀರೇ ಕಾರಣ. ಮಂಗರವಳ್ಳಿಯ ನಾಲ್ಕು ಮೂಲೆಯ ಕಾಂಡ ನೀರಿನ ತೊಟ್ಟಿ ಇದ್ದಂತೆ. ಹಗಲಲ್ಲಿ ರಂಧ್ರ ಮುಚ್ಚಿಕೊಂಡು, ರಾತ್ರಿ ಹೊತ್ತು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿ ಅದನ್ನು ಹುಳಿಯ ರೂಪದಲ್ಲಿ ಕೂಡಿಡುವ ಕಳ್ಳಿ ಜಾತಿಯ ಗುಣ ಈ ಕಾಂಡಕ್ಕಿದೆ. ಬೇಸಿಗೆಯಲ್ಲಿ ಎಲೆ ಉದುರಿಸಿದರೂ ಅದು ರೋಗವಲ್ಲ.

ಪೆನ್ಸಿಲ್‌ಗಿಂತ ದಪ್ಪನೆಯ, ಮೂರು ಗೆಣ್ಣಿರುವ ತುಂಡು ತೆಗೆದುಕೊಳ್ಳಿ. ಗೆಣ್ಣಿನ ಕೆಳಗೇ ಕತ್ತರಿಸಿ ಮೂರು ದಿನ ನೆರಳಲ್ಲಿ ಬಿಡಿ. ಕತ್ತರಿಸಿದ ಜಾಗ ಒಣಗಿ ಪೊರೆ ಕಟ್ಟಬೇಕು. ಹಸಿ ಗಾಯದ ಕಡ್ಡಿಯನ್ನು ಒದ್ದೆ ಮಣ್ಣಿಗೆ ಚುಚ್ಚಿದರೆ ಕೊಳೆಯದೆ ಇನ್ನೇನಾದೀತು? ಕೆಂಪು ಮಣ್ಣು ಎರಡು ಪಾಲು, ದಪ್ಪ ಮರಳು ಒಂದು, ಹಳೆಯ ಗೊಬ್ಬರ ಒಂದು. ಒಂದು ಗೆಣ್ಣು ಮಣ್ಣೊಳಗೆ ಹೋದರೆ ಸಾಕು. ಮೊದಲ ವಾರ ನೀರು ಬೇಡ. ಆಮೇಲೆ ಮೇಲಿನ ಎರಡು ಅಂಗುಲ ಮಣ್ಣು ಪೂರ್ತಿ ಒಣಗಿದ ಮೇಲಷ್ಟೇ ಕೊಡಿ. ಮಳೆಗಾಲದಲ್ಲಿ ಕುಂಡವನ್ನು ಸೂರಿನ ಕೆಳಗೆ ಸರಿಸಿ. ಕಾಂಡ ಸಪೂರವಾಗಿ, ತಿಳಿಹಸಿರಾಗಿ, ಗೆಣ್ಣು ದೂರ ದೂರ ಬಂದರೆ ಬಿಸಿಲು ಸಾಲದು ಎಂದರ್ಥ. ನಾಲ್ಕೈದು ತಿಂಗಳು ಬೆಳೆಯಲು ಬಿಟ್ಟು ಆಮೇಲೆ ಕೊಯ್ಲು ಶುರುಮಾಡಿ.

ಪ್ರಶ್ನೆ: ಮಂಗರವಳ್ಳಿ ಚಟ್ನಿ ಮಾಡಿದೆ. ಎಲ್ಲರ ಗಂಟಲೂ ತುರಿಸಿತು, ಹೆಚ್ಚುವಾಗ ಕೈಯೂ ಉರಿಯಿತು. ಎಲ್ಲಿ ತಪ್ಪಿದೆ? (ತುಮಕೂರು)

ಮೂರು ಕಡೆ ತಪ್ಪಿರಬಹುದು: ಬಲಿತ ಕಾಂಡ, ಅರೆಬರೆ ಹುರಿದದ್ದು, ಹುಳಿ ಸಾಲದ್ದು. ನೀರಲ್ಲಿ ಬೇಯಿಸಿಬಿಟ್ಟರೆ ಸಾಕು ಎಂದುಕೊಳ್ಳುವವರಿದ್ದಾರೆ. ಆಕ್ಸಲೇಟ್ ಸೂಜಿ ನೀರಿಗೆ ಕರಗುವುದಿಲ್ಲ. ಎಣ್ಣೆಯಲ್ಲಿ ಚೆನ್ನಾಗಿ ಹುರಿಯುವುದು, ಹುಣಸೆಯ ಹುಳಿ ಸೇರಿಸುವುದು ಎರಡೂ ಬೇಕು. ಅಜ್ಜಿಯಂದಿರು ಪತ್ರೊಡೆಗೆ ಹುಣಸೆ ಬಿಗಿಯಾಗಿ ಹಾಕುತ್ತಿದ್ದುದೂ ಇದೇ ಕಾರಣಕ್ಕೆ.

ತುದಿಯಿಂದ ಮೂರು ಗೆಣ್ಣಿನವರೆಗೆ ಮಾತ್ರ ಕೊಯ್ಯಿರಿ. ಉಗುರು ಒತ್ತಿದರೆ ನಾಟಬೇಕು. ಬಾಗಿಸಿದರೆ ಪಟ್ಟನೆ ಮುರಿಯಬೇಕು, ನಾರು ಎಳೆಯಬಾರದು. ಎರಡೂ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ಒಂದೊಂದು ತುಂಡಿನಲ್ಲೂ ಗೆಣ್ಣನ್ನು ಕತ್ತರಿಸಿ ಎಸೆಯಿರಿ, ನಾಲ್ಕು ಅಂಚುಗಳ ನಾರನ್ನು ಬೀನ್ಸ್ ನಾರಿನಂತೆ ಎಳೆದು ತೆಗೆಯಿರಿ. ಅರ್ಧ ಅಂಗುಲದ ಹೋಳು ಮಾಡಿ ಹುಳಿ ಮಜ್ಜಿಗೆಯಲ್ಲಿ ಅರ್ಧ ಗಂಟೆ ಬಿಟ್ಟು, ಹಿಂಡಿ ತೆಗೆದು, ಮಜ್ಜಿಗೆ ಚೆಲ್ಲಿ.

ಒಂದು ಬಟ್ಟಲು ಹೋಳಿಗೆ ಎಳ್ಳೆಣ್ಣೆ ಎರಡು ದೊಡ್ಡ ಚಮಚ. ಮೊದಲು ಎರಡು ಚಮಚ ಉದ್ದಿನಬೇಳೆ, ಒಂದು ಚಮಚ ಬಿಳಿ ಎಳ್ಳು, ಐದು ಬ್ಯಾಡಗಿ ಮೆಣಸಿನಕಾಯಿ ಹುರಿದು ಬದಿಗಿಡಿ. ಅದೇ ಎಣ್ಣೆಗೆ ಹೋಳು ಹಾಕಿ ಸಣ್ಣ ಉರಿಯಲ್ಲಿ ಬಾಡಿಸಿ. ಮೊದಲು ನೀರು ಬಿಡುತ್ತದೆ, ಆಮೇಲೆ ಹಸಿರು ಹೋಗಿ ಕಂದು ಬಣ್ಣಕ್ಕೆ ತಿರುಗಿ ಗಾತ್ರ ಅರ್ಧವಾಗುತ್ತದೆ. 10-12 ನಿಮಿಷ ಹಿಡಿಯುವ ಕೆಲಸ. ಬಣ್ಣ ತಿರುಗುವ ಮೊದಲೇ ಇಳಿಸಿದರೆ ಗಂಟಲು ಹಿಡಿಯುವುದು ಖಂಡಿತ. ಕೊನೆಗೆ ದೊಡ್ಡ ನಿಂಬೆಕಾಯಿ ಗಾತ್ರದ ಹುಣಸೆಯನ್ನು ಬಾಣಲೆಗೇ ಹಾಕಿ ಎರಡು ನಿಮಿಷ ಕೂಡಿಸಿ. ಆರಿದ ಮೇಲೆ ಮುಕ್ಕಾಲು ಬಟ್ಟಲು ತೆಂಗಿನತುರಿ, ಅಡಿಕೆ ಗಾತ್ರದ ಬೆಲ್ಲ, ಉಪ್ಪಿನೊಡನೆ ನುಣ್ಣಗೆ ಅರೆಯಿರಿ. ಇಂಗು, ಸಾಸಿವೆ ಒಗ್ಗರಣೆ. ಬಿಸಿ ಅನ್ನಕ್ಕೆ ತುಪ್ಪದ ಜೊತೆ ಕಲಸಿದರೆ ಇದರ ರುಚಿ ತಿಳಿಯುತ್ತದೆ. ಅರೆದ ಮೇಲೂ ಸ್ವಲ್ಪ ತುರಿಕೆ ಉಳಿದಿದ್ದರೆ ಚಟ್ನಿಯನ್ನು ಮತ್ತೆ ಬಾಣಲೆಗೆ ಹಾಕಿ, ಇನ್ನಷ್ಟು ಹುಣಸೆರಸ ಬೆರೆಸಿ, ಎಣ್ಣೆ ಬಿಡುವವರೆಗೆ ಕಾಯಿಸಿ ತೊಕ್ಕು ಮಾಡಿಕೊಳ್ಳಿ.

ತಮಿಳುನಾಡಿನಲ್ಲಿ ಇದಕ್ಕೆ ಪಿರಂಡೈ ಎನ್ನುತ್ತಾರೆ. ಇದರ ರಸದಲ್ಲಿ ಉದ್ದಿನ ಹಿಟ್ಟು ನಾದಿ ಮಾಡುವ ಹಪ್ಪಳ ಅಲ್ಲಿ ಬಲು ಪ್ರಸಿದ್ಧ. ಮೂತ್ರಪಿಂಡದಲ್ಲಿ ಕಲ್ಲಿನ ತೊಂದರೆ ಇದ್ದವರು ಮಾತ್ರ ಮಂಗರವಳ್ಳಿಯಿಂದ ದೂರ ಇರುವುದು ಒಳ್ಳೆಯದು; ಬಹಳಷ್ಟು ಕಲ್ಲುಗಳು ಆಕ್ಸಲೇಟ್‌ನವೇ. ಆಯುರ್ವೇದದಲ್ಲಿ ಇದು ಅಸ್ಥಿಸಂಹಾರ, ಮುರಿದ ಮೂಳೆಗೆ ಹೇಳಿದ ಬಳ್ಳಿ. ಹಾಗೆಂದು ಮೂಳೆ ಮುರಿದಾಗ ಎಕ್ಸ್‌ರೇ, ಪ್ಲಾಸ್ಟರ್ ಬಿಟ್ಟು ಚಟ್ನಿಯನ್ನು ನಂಬಿ ಕೂರಬಾರದು.

ಪ್ರಶ್ನೆ: ಮಂಗರವಳ್ಳಿಯಲ್ಲಿ ಕೆಂಪು ಹಣ್ಣು ಬಂದಿದೆ. ದ್ರಾಕ್ಷಿಯ ನೆಂಟನಾದರೆ ತಿನ್ನಬಹುದಲ್ಲ? (ಹಾಸನ)

ಬೇಡ. ಆ ಹಣ್ಣಿನ ತುರಿಕೆ ಕಾಂಡಕ್ಕಿಂತ ಜೋರು. ಹಕ್ಕಿಗಳಿಗೆ ಬಿಡಿ.

ಪ್ರಶ್ನೆ: ನಮ್ಮ ದ್ರಾಕ್ಷಿ ತೋಟದಲ್ಲಿ ಕೆಲವು ಕಸಿ ಒಣಗಿ ಬುಡದಿಂದ ಬೇರೆ ಥರದ ಚಿಗುರು ಎದ್ದಿದೆ. ಅದು ಕಾಡುದ್ರಾಕ್ಷಿ ಅನ್ನುತ್ತಾರೆ. ಬೆಳೆಸಿದರೆ ಹಣ್ಣು ಸಿಗುತ್ತದೆಯೇ? (ವಿಜಯಪುರ)

ಅವರು ಹೇಳಿದ್ದು ನಿಜ. ವಿಜಯಪುರ, ಬಾಗಲಕೋಟೆ ಕಡೆಯ ತೋಟಗಳಲ್ಲಿ ಬೇರುಗಿಡವಾಗಿ, ಅಂದರೆ ಕಸಿ ಕಟ್ಟಲು ಬುಡವಾಗಿ, ನೆಟ್ಟಿರುವುದು ಹೆಚ್ಚಾಗಿ ಡಾಗ್‌ರಿಡ್ಜ್. ಅದು ಅಮೆರಿಕದ ಟೆಕ್ಸಾಸ್ ಸೀಮೆಯ ಕಾಡುದ್ರಾಕ್ಷಿಯಿಂದ ಆರಿಸಿದ ತಳಿ. 19ನೇ ಶತಮಾನದ ಉತ್ತರಾರ್ಧದಲ್ಲಿ ಫಿಲೊಕ್ಸೆರ ಎಂಬ ಬೇರುಹೇನು ಫ್ರಾನ್ಸಿನ ದ್ರಾಕ್ಷಿ ತೋಟಗಳನ್ನು ತಿಂದುಹಾಕಿದಾಗ ಅವು ಉಳಿದದ್ದು ಅಮೆರಿಕದ ಕಾಡು ಬೇರಿನ ಮೇಲೆ ಕಸಿ ಕಟ್ಟಿದ್ದರಿಂದ. ಟೆಕ್ಸಾಸಿನ ಡೆನಿಸನ್ ಊರಿನ ಟಿ. ವಿ. ಮುನ್ಸನ್ ಆ ಕಾಡುಬಳ್ಳಿಗಳನ್ನು ಹುಡುಕಿಕೊಟ್ಟವರಲ್ಲಿ ಪ್ರಮುಖರು. 1888ರಲ್ಲಿ ಫ್ರಾನ್ಸ್ ಅವರನ್ನು ಗೌರವಿಸಿತು. ನಮ್ಮಲ್ಲಿ ಡಾಗ್‌ರಿಡ್ಜ್ ಬಂದದ್ದು ಮುಖ್ಯವಾಗಿ ಬರ ಮತ್ತು ಉಪ್ಪುನೀರು ತಡೆಯಲು.

ಬುಡದ ಚಿಗುರಿನಿಂದ ಮಾರುವಂಥ ಹಣ್ಣು ಸಿಗುವುದಿಲ್ಲ. ಕಸಿ ಸತ್ತ ಗಿಡದಲ್ಲಿ ಒಂದೇ ಗಟ್ಟಿ ಚಿಗುರು ಉಳಿಸಿ ನೇರ ಬೆಳೆಸಿ, ಅದು ಪೆನ್ಸಿಲ್ ದಪ್ಪವಾದ ಮೇಲೆ ಸೆಪ್ಟೆಂಬರ್ ಹೊತ್ತಿಗೆ ಮತ್ತೆ ಬೆಣೆಕಸಿ ಕಟ್ಟಿ. ಕಸಿ ಚೆನ್ನಾಗಿರುವ ಗಿಡದಲ್ಲಿ ಬುಡಚಿಗುರು ಕಂಡರೆ ಎರಡು ಅಂಗುಲ ಇರುವಾಗಲೇ ಕೈಯಿಂದ ಬುಡಸಮೇತ ಕೀಳಬೇಕು. ಕತ್ತರಿಯಿಂದ ಕತ್ತರಿಸಿದರೆ ಉಳಿದ ತುಂಡಿನ ಮೊಗ್ಗು ಒಡೆದು ಒಂದರ ಬದಲು ಮೂರು ಬರುತ್ತವೆ. ಗುರುತು ಸುಲಭ: ಎಲೆ ದುಂಡಗೆ, ಸೀಳು ಕಡಿಮೆ, ಎಳೆಯದರ ಮೇಲೆ ನೂಲಿನಂಥ ಬಿಳಿ ರೋಮ. ಡಾಗ್‌ರಿಡ್ಜ್ ಕಡ್ಡಿ ಸುಲಭವಾಗಿ ಬೇರು ಬಿಡುವುದಿಲ್ಲ. ಹೊಸದಾಗಿ ಕಡ್ಡಿ ನೆಡುವುದಾದರೆ ಬೇರು ಬರಿಸುವ ಹಾರ್ಮೋನಾದ ಐಬಿಎಯ 2000 ಪಿಪಿಎಂ ದ್ರಾವಣದಲ್ಲಿ (100 ಮಿ.ಲೀ.ಗೆ 200 ಮಿಲಿಗ್ರಾಂ, ಮೊದಲು ಸ್ವಲ್ಪ ಆಲ್ಕೋಹಾಲಿನಲ್ಲಿ ಕರಗಿಸಿ) ಬುಡವನ್ನು ಹತ್ತು ಸೆಕೆಂಡು ಅದ್ದಿ ನೆಡಿ.

ಪ್ರಶ್ನೆ: ತಾರಸಿಯಲ್ಲಿ ಕಾಡುದ್ರಾಕ್ಷಿಯಂಥ ಗಟ್ಟಿ ಬಳ್ಳಿ ಬೇಕು, ಸಿಹಿ ಹಣ್ಣೂ ಬೇಕು. (ಕೋಲಾರ)

ನಿಮ್ಮೂರ ಸುತ್ತಲೇ ಇದೆ: ಬೆಂಗಳೂರು ನೀಲಿ. ಅಮೆರಿಕದ ಕಾಡುದ್ರಾಕ್ಷಿ ಲಬ್ರಸ್ಕದ ರಕ್ತ ಇದರಲ್ಲಿದೆ. ಆ ಗಾಢ ವಾಸನೆ, ಒತ್ತಿದರೆ ಸಿಪ್ಪೆಯಿಂದ ಜಾರಿ ಹೊರಬರುವ ತಿರುಳು ಎರಡೂ ಅಲ್ಲಿಂದ ಬಂದವು. ನಾಲ್ಕು ಗೆಣ್ಣಿನ ಬಲಿತ ಕಡ್ಡಿಯನ್ನು ಬೇರೂರಿಸಿ 60 ಲೀಟರ್ ಡ್ರಮ್ಮಿಗೆ ನೆಡಿ. ಮಳೆಗಾಲದಲ್ಲಿ ಎಲೆಯ ಮೇಲೆ ಎಣ್ಣೆ ಕಲೆ, ಅಡಿಯಲ್ಲಿ ಬಿಳಿ ಬೂಜು ಬಂದರೆ ಅದು ಡೌನಿ ರೋಗ. ಬರುವ ಮೊದಲೇ ಶೇ 1ರ ಬೋರ್ಡೋ ದ್ರಾವಣ ಸಿಂಪಡಿಸಿ: ಲೀಟರಿಗೆ ಮೈಲುತುತ್ತ 10 ಗ್ರಾಂ, ಸುಣ್ಣ 10 ಗ್ರಾಂ, ಅದೇ ದಿನ ಮಾಡಿ ಅದೇ ದಿನ ಮುಗಿಸಬೇಕು.

ಪ್ರಶ್ನೆ: ಮನೆಯ ಹಿಂದಿನ ಕಾಡಿನಲ್ಲಿ ದಪ್ಪ ಸಿಪ್ಪೆಯ ಕಾಡುದ್ರಾಕ್ಷಿ ಇದೆ. ಒಂದು ಬಳ್ಳಿಯಲ್ಲಿ ಹಣ್ಣು, ಪಕ್ಕದ್ದರಲ್ಲಿ ಒಂದೂ ಇಲ್ಲ. ಅಂಗಳದಲ್ಲಿ ಬೆಳೆಸುವ ಆಸೆ. (ರಾಲೀ, ನಾರ್ತ್ ಕೆರೊಲಿನ)

ನಿಮ್ಮದು ಮಸ್ಕಡೈನ್. ಅದರ ಕಂಚುಬಣ್ಣದ ತಳಿ ಸ್ಕಪರ್‌ನಾಂಗ್ ನಿಮ್ಮ ರಾಜ್ಯದ ಅಧಿಕೃತ ಹಣ್ಣು. ಕಾಡಿನಲ್ಲಿ ಗಂಡು ಬಳ್ಳಿ, ಹೆಣ್ಣು ಬಳ್ಳಿ ಬೇರೆ ಬೇರೆ. ಹಣ್ಣಿಲ್ಲದ್ದು ಗಂಡು, ಕಡಿಯಬೇಡಿ, ಪಕ್ಕದ ಬಳ್ಳಿಗೆ ಪರಾಗ ಅದರದ್ದೇ. ಅಂಗಳಕ್ಕೆ ಒಂದೇ ಬಳ್ಳಿ ಸಾಕು ಎಂದಾದರೆ ಎರಡೂ ಗುಣ ಒಂದೇ ಹೂವಿನಲ್ಲಿರುವ ಕಾರ್ಲೋಸ್ ಅಥವಾ ನೋಬಲ್ ತಳಿ ಕೊಳ್ಳಿ. ಕಾಡಿನ ಬಳ್ಳಿಯೇ ಬೇಕೆಂದರೆ ಒಣ ಕಡ್ಡಿ ನೆಡಬೇಡಿ, ಅದು ಬೇರೂರುವುದು ಕಷ್ಟ. ಕೆಳಗಿನ ಒಂದು ಕುಡಿಯನ್ನು ಬಗ್ಗಿಸಿ ಮಣ್ಣಲ್ಲಿ ಹೂತು ಕಲ್ಲು ಹೇರಿ, ಬೇರು ಬಂದ ಮೇಲೆ ಕತ್ತರಿಸಿ ಬೇರ್ಪಡಿಸಿ.

ಐದಡಿ ಎತ್ತರದಲ್ಲಿ ಒಂದು ತಂತಿ ಎಳೆದು, ಬಳ್ಳಿಯಿಂದ ಬಳ್ಳಿಗೆ 20 ಅಡಿ ಬಿಡಿ. ಫೆಬ್ರುವರಿ ಮಾರ್ಚ್‌ನಲ್ಲಿ ಹಿಂದಿನ ವರ್ಷದ ಚಿಗುರುಗಳನ್ನು ಮೂರು ಮೊಗ್ಗಿಗೆ ಕತ್ತರಿಸಿ. ಸವರದೆ ಬಿಟ್ಟರೆ ಎರಡೇ ವರ್ಷಕ್ಕೆ ಎಲೆಯ ಪೊದೆ, ಹಣ್ಣು ನಾಲ್ಕು.

ಕೊಯ್ಯಲು ಹೋಗುವಾಗ ಎರಡು ಎಚ್ಚರ. ಅದೇ ಮರಕ್ಕೆ ಪಾಯ್ಸನ್ ಐವಿ ಹತ್ತಿರಬಹುದು: ಮೂರೆಲೆ, ಕಾಂಡದ ತುಂಬ ಕೂದಲಿನಂಥ ಬೇರು, ಮುಟ್ಟಿದರೆ ಮೈಯೆಲ್ಲ ಬೊಕ್ಕೆ. ಇನ್ನೊಂದು ಮೂನ್‌ಸೀಡ್. ಅದು ನಮ್ಮ ಕಾಕಮಾರಿಯ ಕುಟುಂಬದ್ದೇ, ವಿಷವೂ ಹೌದು. ಸುರುಳಿಕುಡಿ ಇಲ್ಲ, ಎಲೆಯ ಅಂಚಿನಲ್ಲಿ ಹಲ್ಲಿಲ್ಲ, ಹಣ್ಣಿನೊಳಗೆ ಬಿದಿಗೆ ಚಂದ್ರನಂತೆ ಬಾಗಿದ ಒಂದೇ ಬೀಜ. ಯಲ್ಲಾಪುರದವರಿಗೆ ಹೇಳಿದ ಪರೀಕ್ಷೆ ನಿಮಗೂ ಅನ್ವಯಿಸುತ್ತದೆ.

ತಿರುಳು ತಿಂದು ಸಿಪ್ಪೆ ಎಸೆಯಬೇಡಿ. ಎರಡು ಬಟ್ಟಲು ಸಿಪ್ಪೆಯನ್ನು ಅರ್ಧ ಬಟ್ಟಲು ನೀರಲ್ಲಿ 20 ನಿಮಿಷ ಮೆತ್ತಗೆ ಬೇಯಿಸಿ, ಅಚ್ಚಖಾರದ ಪುಡಿ, ಬೆಲ್ಲ, ಉಪ್ಪು, ಹುರಿದ ಮೆಂತ್ಯಪುಡಿ ಹಾಕಿ ಕುದಿಸಿದರೆ ಒಳ್ಳೆಯ ಗೊಜ್ಜು. ಹುಣಸೆ ಬೇಕಾಗುವುದಿಲ್ಲ.

ಪ್ರಶ್ನೆ: ಹೊಳೆದಂಡೆಯ ಕಾಡುದ್ರಾಕ್ಷಿಯ ಜೆಲ್ಲಿಯಲ್ಲಿ ಗಾಜಿನ ಚೂರಿನಂಥ ಹರಳು ಬರುತ್ತದೆ. ಮತ್ತೆ, ಇದರ ಎಲೆಯಲ್ಲಿ ಪತ್ರೊಡೆ ಮಾಡಬಹುದೇ? (ಮಿನಿಯಾಪೊಲಿಸ್)

ಅದು ಟಾರ್ಟಾರಿಕ್ ಆಮ್ಲದ ಲವಣ, ಅಪಾಯವಿಲ್ಲ. ರಸ ಸೋಸಿದ ಮೇಲೆ ಎರಡು ದಿನ ಫ್ರಿಜ್ಜಿನಲ್ಲಿ ಅಲುಗಿಸದೆ ಇಡಿ. ಹರಳು ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳಿ. ಒಂದು ಹಿಮ ಬಿದ್ದ ಮೇಲೆ ಕೊಯ್ದ ಹಣ್ಣಿನಲ್ಲಿ ಹುಳಿಯ ಕಟುತ್ವವೂ ತಗ್ಗಿರುತ್ತದೆ.

ಪತ್ರೊಡೆ ಧಾರಾಳವಾಗಿ ಮಾಡಬಹುದು. ಮೇ ಕೊನೆಯಿಂದ ಜೂನ್‌ವರೆಗಿನ, ತುದಿಯಿಂದ ಮೂರರಿಂದ ಐದನೆಯ ಎಲೆ ಆರಿಸಿ. ಜುಲೈ ಕಳೆದರೆ ತೊಗಲಿನಂತಾಗುತ್ತದೆ. ರಸ್ತೆ ಬದಿಯದು, ಕಳೆನಾಶಕ ಸಿಂಪಡಿಸಿದ ಜಾಗದ್ದು ಬೇಡ. ತೊಟ್ಟು ತೆಗೆದು, ಕುದಿಯುವ ಉಪ್ಪುನೀರಲ್ಲಿ ಎರಡು ನಿಮಿಷ ಅದ್ದಿ ಬಸಿಯಿರಿ. ಎಲೆಯೇ ಹುಳಿ ಇರುವುದರಿಂದ ಅಕ್ಕಿಹಿಟ್ಟಿಗೆ ಕೆಸುವಿನ ಪತ್ರೊಡೆಗೆ ಹಾಕುವ ಹುಣಸೆಯ ಮೂರರಲ್ಲೊಂದು ಪಾಲು ಸಾಕು, ಬೆಲ್ಲ ತುಸು ಹೆಚ್ಚಿರಲಿ. ಎಲೆ ಚಿಕ್ಕದಾದ್ದರಿಂದ ನಾಲ್ಕೈದನ್ನು ಅಂಚಿಗೆ ಅಂಚು ಹೊಂದಿಸಿ ಹರಡಿ, ಹಿಟ್ಟು ತೆಳ್ಳಗೆ ಸವರಿ, ಮೂರು ಪದರ ಮಾಡಿ ಸುರುಳಿ ಸುತ್ತಿ. 35 ನಿಮಿಷ ಹಬೆ ಕೊಟ್ಟು, ಪೂರ್ತಿ ಆರಿದ ಮೇಲೆ ಕತ್ತರಿಸಿ. ಬಿಸಿಯಲ್ಲಿ ಕೊಯ್ದರೆ ಪದರ ಬಿಟ್ಟುಕೊಳ್ಳುತ್ತದೆ.